ಒಂದು ಪಾಳಿ ಹೆಚ್ಚು

ಸೂಜಿಯ ಪೊಟ್ಟಣವನ್ನು ಮರೆಯಬಾರದು ಎಂದೇ ನಾನು ಅದನ್ನು ಚೀಲದಿಂದ ತೆಗೆದು ಫ್ರಿಜ್ಜಿನ ಮೇಲೆ ಇಟ್ಟದ್ದು. ಲಸಿಕೆ ಹಾಕಲು ಹೊರಟ ಆ ಬೆಳಿಗ್ಗೆ, ಖಾಸಬಾಗದ ನಮ್ಮ ಮನೆಯಲ್ಲಿ, ಚೀಲವನ್ನು ಮೂರು ಸಲ ಬಿಚ್ಚಿ ಕಟ್ಟಿದ್ದೆ. ಐಸ್ ಇದೆಯೇ? ಇದೆ. ಹೆಚ್ಚಿನ ಐಸ್? ಅದೂ ಇದೆ. ಕೊಡೆ, ಇನ್ನೊಂದು ಕೊಡೆ, ಎರಡೂ ಮುರಿದರೆ ಹೊದೆಯಲು ಪ್ಲಾಸ್ಟಿಕ್ ಹಾಳೆ. ನಾಲ್ಕನೆಯ ಸಲ ನೋಡಿದಾಗ ಸೂಜಿಗಳು ತಳ ಸೇರಿದ್ದವು. ಕಣ್ಣಿಗೆ ಕಾಣುವಂತಿರಲಿ ಎಂದು ಹೊರತೆಗೆದೆ.

"ಇನ್ನೊಮ್ಮಿ ಬಿಚ್ಚಿದಿ ಅಂದ್ರ ಆ ಚೀಲಕ್ಕ ಜ್ವರಾ ಬರ್ತಾವ ನೋಡು" ಎಂದರು ನಮ್ಮ ಮನೆಯವರು. ಸಿಟ್ಟು ಮಾಡಿಕೊಂಡು ಹೊರಟೆ. ಸೂಜಿಗಳು ಫ್ರಿಜ್ಜಿನ ಮೇಲೆ, ಕಣ್ಣಿಗೆ ಕಾಣುವಂತೆಯೇ ಉಳಿದವು.

ನಾನು ಸರಕಾರಿ ಪಶುವೈದ್ಯೆ. ಖಾನಾಪುರ ತಾಲೂಕಿನಲ್ಲಿ ನನ್ನನ್ನು ಕರೆಯುವುದು ಡಾಕ್ಟರ್ ಬಾಯಾರು ಎಂದು. ಜಾಂಬೋಟಿಯ ಆಚೆಗಿನ ಸಣ್ಣ ವಾಡಿಯೊಂದರಲ್ಲಿ, ಮಳೆಯಲ್ಲಿ ನೆನೆಯುತ್ತ ಸಾಲಾಗಿ ನಿಂತ ದನಗಳ ಎದುರು ಚೀಲ ಬಿಚ್ಚಿದಾಗ ನನ್ನ ಬಳಿ ಇದ್ದದ್ದು ಹಳೆಯ ಡಬ್ಬಿಯೊಂದರಲ್ಲಿ ಉಳಿದಿದ್ದ ಐದಾರು ಸೂಜಿ. ಸುತ್ತಲಿನ ಊರುಗಳಿಗೆ ಚರ್ಮಗಂಟು ರೋಗ ಬಂದಾಗಿತ್ತು. ಒಮ್ಮೆ ತೆರೆದ ಲಸಿಕೆ ಬಾಟಲಿ ಸಂಜೆಯವರೆಗೆ ಕಾಯುವುದಿಲ್ಲ. ದನಕ್ಕೊಂದು ಸೂಜಿ ಎಂಬುದು ನಿಯಮ. "ಏನೂ ಆಗುವುದಿಲ್ಲ ಬಿಡು" ಎಂದುಕೊಂಡೆ. ಜನ್ಮದಲ್ಲಿ ಒಮ್ಮೆಯೂ ನನಗೆ ನಾನೇ ಹೇಳಿಕೊಳ್ಳದ ಆ ಮಾತನ್ನು ಹೇಳಿಕೊಳ್ಳಲು ಆ ದಿನವೇ ಸಿಕ್ಕಿತು. ಒಂದೊಂದು ಸೂಜಿಯಲ್ಲಿ ಹತ್ತು ಹತ್ತು ದನಕ್ಕೆ ಚುಚ್ಚಿದೆ. ಮೊದಲ ಸೂಜಿಯನ್ನು ಮಾತ್ರ, ಇನ್ನೂ ಧೈರ್ಯ ಬಾರದೆ, ಐದು ದನಕ್ಕೇ ಬದಲಿಸಿದ್ದೆ.

ಸಾಲಿನಲ್ಲಿ ಮೊದಲು ನಿಂತದ್ದು ಪಶುಸಖಿಯ ಆಕಳು. ಪಶುಸಖಿ ಎಂದರೆ ಇಲಾಖೆ ತರಬೇತಿ ಕೊಟ್ಟ ಅದೇ ಊರಿನ ಹೆಂಗಸು. ಲಸಿಕೆ ಬೇಡ ಎಂದವರ ಕೊಟ್ಟಿಗೆಗೆಲ್ಲ ಹೋಗಿ, ಮರಾಠಿಯಲ್ಲಿ ಬೈದು, ಕನ್ನಡದಲ್ಲಿ ಕೈಮುಗಿದು ದನ ಹೊರಡಿಸಿದವಳು ಅವಳೇ. "ನನ್ನ ಆಕಳಿಗೇ ಮೊದಲ ಹಾಕ್ರಿ ಬಾಯಾರ, ಮಂದಿ ನೋಡ್ಲಿ" ಎಂದಿದ್ದಳು.

ವಾರ ಕಳೆಯಿತು. ಕೆಲವು ದನಗಳ ಮೈಮೇಲೆ ಗಂಟು ಎದ್ದವು. ಊರ ಹಿರಿಯರೊಬ್ಬರ ಕರು ಸತ್ತಿತು. ಗಂಟು ಏಳದ ದನ ಬೇರೆಯೂ ಇದ್ದವು, ಆದರೆ ಊರ ಕಣ್ಣು ಬಿದ್ದದ್ದು ಪಶುಸಖಿಯ ಆಕಳ ಮೇಲೆ. ಊರಿಗೆ ಅಷ್ಟು ಸಾಕಾಯಿತು. ತನ್ನ ಆಕಳಿಗೆ ಬರೀ ನೀರು ಚುಚ್ಚಿಸಿ, ನಮ್ಮ ದನಕ್ಕೆ ರೋಗ ಚುಚ್ಚಿಸಿದಳು ಎಂದರು.

ಆ ವಾಡಿಯಲ್ಲಿ ದನ ಕಾಯಲು ಬೇರೆ ಆಳಿಲ್ಲ. ದಿನಕ್ಕೊಂದು ಮನೆಯ ಪಾಳಿ. ಸಂಜೆ ದನ ಹೊಡೆದುಕೊಂಡು ಬಂದವರು ಬಿದಿರಿನ ಕೋಲನ್ನು ಮುಂದಿನ ಮನೆಯ ಬಾಗಿಲಿಗೆ ಒರಗಿಸುತ್ತಾರೆ. ನಾಳೆ ಅವರು ಕಾಯಬೇಕು. ಆ ವಾರ ಕೋಲು ಪಶುಸಖಿಯ ಬಾಗಿಲನ್ನು ದಾಟಿ ಅದರಾಚೆಯ ಮನೆಗೆ ಹೋಯಿತು. ಅವಳ ಆಕಳನ್ನು ಹಿಂಡಿಗೆ ಸೇರಿಸಲಿಲ್ಲ. ಯಾರೂ ಬೈಯಲಿಲ್ಲ. ಬೈದಿದ್ದರೆ ಅವಳೂ ತಿರುಗಿ ಬೈಯುತ್ತಿದ್ದಳು. ಕೋಲಿಗೆ ಏನೆಂದು ಬೈಯುವುದು?

ಅವಳ ಫೋನು ಬಂತು. ಅಳುತ್ತಾಳೆ ಎಂದು ಹೆದರಿ ಎತ್ತಿದೆ.

"ಬಾಯಾರ, ರವಿವಾರ ಪೇಟ್ಯಾಗ ಆಕಳ ಕೊಳ್ಳಾಗ ಕಟ್ಟೂ ಗಂಟಿ ಸಿಗತಾವಲ್ಲ, ಎಲ್ಲಾಕಿಂತ ದೊಡ್ಡದ ಒಂದು ತರ್ರಿ. ಒಬ್ಬಾಕಿನ ಮೇಸಾಕ ಹೋಗತೇನಿ. ಎಲ್ಲಾರ ಮನಿ ಮುಂದ ಹಾದು ಹೋಗತೇನಿ. ಕೇಳ್ಲಿ ಮಕ್ಕಳು."

ಗಂಟೆ ಕೊಂಡೆ. ಅದೇ ದಿನ ನಮ್ಮ ಸಾಹೇಬರು ಕರೆಸಿದರು. ಗಂಟಿನ ಮಾದರಿಗಳನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಿಯಾಗಿತ್ತು. ಉತ್ತರ ಬರುವಷ್ಟರಲ್ಲಿ ಗಂಟುಗಳೂ ಆರಿರುತ್ತವೆ, ಊರ ಸಿಟ್ಟು ಗಟ್ಟಿಯಾಗಿರುತ್ತದೆ.

"ವರದಿ ಬರೂತನಕಾ ನೀವು ಬಾಯಿ ತೆರಿಬ್ಯಾಡ್ರಿ. ಅಷ್ಟರಾಗ ಏನರೆ ಬರೀಬೇಕಂದ್ರ, ಐಸ್ ಕರಗಿತ್ತು, ಪಶುಸಖಿ ನೋಡ್ಕೊಳ್ಳಲಿಲ್ಲ ಅಂತ ಬರದಬಿಡ್ರಿ."

"ಐಸ್ ಕರಗಿರಲಿಲ್ರೀ ಸರ."

"ಕರಗಿಲ್ಲಂತ ನಿಮ್ಮ ಹತ್ರ ಏನ್ ಪುರಾವೆ ಐತಿ?"

ಹೆಚ್ಚಿನ ಐಸನ್ನೂ ಸೇರಿಸಿ ನಾನೇ ನಾಲ್ಕು ಸಲ ನೋಡಿದ್ದೇನೆ ಎನ್ನಬೇಕೆನಿಸಿತು. ಆಗ ಫ್ರಿಜ್ಜಿನ ಮೇಲಿನ ಪೊಟ್ಟಣ ನೆನಪಾಗಿ, ಗಂಟೆ ಎತ್ತಿಕೊಂಡು ಹೊರಬಂದೆ.

ನನ್ನ ಕಪಾಟಿನಲ್ಲಿ ಅಂಗೈಯಗಲದ ಒಂದು ಯಂತ್ರವಿತ್ತು. ರೋಗಾಣುವಿನ ವಂಶವಾಹಿಯನ್ನು ಅಕ್ಷರಕ್ಕೆ ಅಕ್ಷರವಾಗಿ ಓದುವ ಯಂತ್ರ. ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಆಯಿತು, ಕೊಟ್ಟಿಗೆಯಲ್ಲೇ ಕೂತು ಓದಬಹುದು. ಇಲಾಖೆಯವರು ಪ್ರಯೋಗಕ್ಕೆಂದು ಕೊಟ್ಟು, ಬಳಸಲು ಕಲಿಸಿದ್ದರು. ಕೆಟ್ಟರೆ ಯಾರ ತಲೆಗೆ ಎಂಬ ಚಿಂತೆಯಲ್ಲಿ ಅದಕ್ಕೆ ಟವೆಲ್ ಸುತ್ತಿ ಇಟ್ಟಿದ್ದೆ. ಮರುದಿನ ಟವೆಲ್ ಬಿಚ್ಚಿದೆ. ಸಾಹೇಬರನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದರು, ನಾನು ಹೂಂ ಎನ್ನುತ್ತಿದ್ದೆ. ನನ್ನ ಹೂಂ ನನಗೆ ಗೊತ್ತಿಲ್ಲವೇ?

ವಾಡಿಯ ಶಾಲೆಯ ಕಟ್ಟೆಯ ಮೇಲೆ ಕೂತೆ. ಗಂಟುಗಳ ಮೇಲಿನ ಹಕ್ಕಳೆ ತೆಗೆದು, ಔಷಧಿಯಲ್ಲಿ ಕರಗಿಸಿ, ನಳಿಕೆಗಳನ್ನು ಥರ್ಮಾಸಿನ ಬಿಸಿನೀರಿನಲ್ಲಿಟ್ಟು, ಆಮೇಲೆ ಹನಿಹನಿಯಾಗಿ ಯಂತ್ರಕ್ಕೆ ಹಾಕಿದೆ. ಊರೇ ಸುತ್ತ ನಿಂತಿತು. ಪಶುಸಖಿ ಆಕಳನ್ನು ಹಿಡಿದು ದೂರ ನಿಂತಳು. ಅದು ತಲೆ ಆಡಿಸಿದಾಗಲೆಲ್ಲ ದೊಡ್ಡ ಗಂಟೆ ಢಣ್ ಎನ್ನುತ್ತಿತ್ತು.

"ಈ ಡಬ್ಬಿ ಏನ್ ಹೇಳತೈತ್ರಿ?" ಎಂದು ಕರು ಕಳೆದುಕೊಂಡ ಹಿರಿಯರು ಕೇಳಿದರು.

"ಕಾಕಾ, ನಿಮ್ಮ ದನಾ ಬ್ಯಾರೆ ಊರ ಹಿಂಡಿನ್ಯಾಗ ಸೇರಿದ್ರ ಹೆಂಗ ಗುರ್ತಾ ಹಿಡೀತೀರಿ?"

"ಕಿವಿ ಕಚ್ಚು ನೋಡಿ."

"ಇದೂ ಹಂಗ. ಲಸಿಕಿ ಮಾಡಿದ್ದು ಆಡಿನ ಸಿಡುಬಿನ ವೈರಸ್‌ನಿಂದ. ಚರ್ಮಗಂಟಿನ ವೈರಸ್ ಬ್ಯಾರೆ. ಗಂಟಿನ್ಯಾಗ ಇರೂದು ಯಾವ ಹಿಂಡಿಂದು ಅಂತ ಇದು ಕಚ್ಚು ನೋಡಿ ಹೇಳತೈತಿ."

ಊಟದ ಹೊತ್ತು ಮೀರಿತು. ಬ್ಯಾಟರಿ ಮುಗಿದೀತು, ಕೋತಿ ಬಂದೀತು, ಲ್ಯಾಪ್‌ಟಾಪಿನ ಮೇಲೆ ಹಂಚು ಬಿದ್ದೀತು ಎಂದು ನಾನು ಸರದಿಯಂತೆ ಹೆದರುತ್ತಿದ್ದೆ. ಯಾವುದೂ ಆಗಲಿಲ್ಲ. ಪರದೆಯ ಮೇಲೆ ಒಂದೊಂದೇ ಸಾಲು ಮೂಡಿತು. ಎಲ್ಲ ಮಾದರಿಯಲ್ಲೂ ಚರ್ಮಗಂಟಿನ ವೈರಸ್ಸೇ. ಲಸಿಕೆಯದು ಒಂದರಲ್ಲೂ ಇಲ್ಲ.

"ಲಸಿಕಿಯಿಂದ ಅಲ್ರೀ" ಎಂದೆ. "ಈಕಿ ತಪ್ಪೂ ಅಲ್ಲ."

"ಹಂಗಾರ ಆಕಿ ಆಕಳಿಗೆ ಯಾಕ ಬರಲಿಲ್ಲ?" ಹಿರಿಯರು ಬಿಡಲಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ನೊಣ, ಉಣ್ಣೆಗಳಿಂದಲೂ ಆ ರೋಗ ಹರಡುತ್ತದೆ; ಯಂತ್ರಕ್ಕೆ ವೈರಸ್ ಯಾವುದೆಂದು ಗೊತ್ತು, ಹೇಗೆ ಬಂತೆಂದು ಗೊತ್ತಿಲ್ಲ. ಆದರೆ ಚುಚ್ಚಿದ ಸಾಲು ನನ್ನ ಚೀಲದ ನೋಂದಣಿ ಪುಸ್ತಕದಲ್ಲಿತ್ತು. ಮೊದಲ ಐದಕ್ಕೆ ಗಂಟಿಲ್ಲ. ಆರನೆಯದು ಒಂದು ಹೋರಿ, ಗಂಟು ಮೊದಲು ಎದ್ದದ್ದು ಅದಕ್ಕೆ. ಆಮೇಲೆ ಎದ್ದದ್ದು ಅದೇ ಸೂಜಿಯಲ್ಲಿ ಚುಚ್ಚಿಸಿಕೊಂಡವಕ್ಕೆ. ಹಿರಿಯರ ಕರು ಎಂಟನೆಯದು. ಚುಚ್ಚುವ ಮೊದಲು ಹೋರಿಯ ಜ್ವರ ನೋಡಿರಲಿಲ್ಲ. ಸೂಜಿ ಬದಲಿಸಿರಲಿಲ್ಲ.

ನೋಂದಣಿ ಪುಸ್ತಕ ತೆರೆದು ಅವರ ಮುಂದಿಟ್ಟೆ. "ಹೋರಿಗೆ ರೋಗ ಮೊದಲ ಇತ್ತು. ಉಳದದ್ದಕ್ಕ ದಾಟಿಸಿದ್ದು ನನ್ನ ಸೂಜಿ ಇರಬೇಕ್ರಿ. ಈಕಿ ಆಕಳಿಗೆ ಬಿದ್ದದ್ದು ಹೊಸಾ ಸೂಜಿ. ಸೂಜಿ ಪೊಟ್ಟಣಾ ನಾ ಮನ್ಯಾಗ ಬಿಟ್ಟ ಬಂದಿದ್ದೆ."

ನನ್ನ ಕೆಲಸ, ಪಿಂಚಣಿ, ಮಾನ ಎಲ್ಲ ಒಟ್ಟಿಗೆ ಹೋಗುವುದನ್ನು ಇಷ್ಟು ವರ್ಷ ಊಹಿಸಿಕೊಂಡು ಹೆದರಿದ್ದೆನಲ್ಲ, ನಿಜವಾಗಿ ಬಂದು ಎದುರು ನಿಂತಾಗ ಪುಸ್ತಕವನ್ನು ಹಿರಿಯರ ಕಡೆಗೆ ತಿರುಗಿಸಿ ಹಿಡಿದೆ. ನನಗೇ ಆಶ್ಚರ್ಯವಾಯಿತು.

ಹಿರಿಯರು ಹೆಸರುಗಳ ಮೇಲೆ ಬೆರಳಿಟ್ಟು ಎಂಟನೆಯ ಸಾಲಿಗೆ ಬಂದು ನಿಂತರು. "ಕರಾ ಏನ್ ತಿರಗಿ ಬರಂಗಿಲ್ಲ" ಎಂದರು. ಪುಸ್ತಕ ಮುಚ್ಚಿ ಮತ್ತೆ ಹೇಳಿದರು: "ಯಾರ ಕೈಯಾಗರೆ ಇನ್ನೊಬ್ಬರ ದನಕ್ಕ ನುಕ್ಸಾನ ಆತಂದ್ರ, ಅವರು ಒಂದು ಪಾಳಿ ಹೆಚ್ಚು ಕಾಯಬೇಕು. ನಮ್ಮ ಊರ ಪದ್ಧತಿ ಇದು. ಡಾಕ್ಟರ್ ಬಾಯಾರಿಗೂ ಬಿಡಂಗಿಲ್ಲ."

"ಬಿಡಬ್ಯಾಡ್ರಿ" ಎಂದಳು ಪಶುಸಖಿ ದೂರದಿಂದಲೇ. "ನನಗೂ ಬಿಡಲಿಲ್ಲಲ್ಲ!"

ಗಂಟುಗಳು ಆರಿದ ಮೇಲೆ, ಒಂದು ರವಿವಾರ, ನಾನು ದನ ಕಾದೆ. ಎರಡೂ ಕೊಡೆ ಒಯ್ದಿದ್ದೆ. ದಾರಿ ತೋರಿಸಲು ಪಶುಸಖಿ ಬಂದಿದ್ದಳು. ಅವಳ ಆಕಳು ಎಲ್ಲಕ್ಕಿಂತ ಮುಂದೆ, ಗಂಟೆ ಬಾರಿಸುತ್ತ ಹೊರಟಿತ್ತು. ನನ್ನ ಕಿಸೆಯಲ್ಲಿ ಸಾಹೇಬರ ನೋಟಿಸು ಇತ್ತು. ಅಧಿಕೃತವಲ್ಲದ ಯಂತ್ರದ ಮಾತನ್ನು ಸಾರ್ವಜನಿಕರಿಗೆ ಏಕೆ ಹೇಳಿದಿರಿ, ಲಿಖಿತ ಉತ್ತರ ಕೊಡಿ. ಬಂಡೆಯ ಮೇಲೆ ಕೂತು, ತೊಡೆಯ ಮೇಲೆ ಕಾಗದ ಇಟ್ಟು ಬರೆದೆ: ಯಂತ್ರ ಓದಿದ್ದು ನಿಜ. ಐಸ್ ಕರಗಿರಲಿಲ್ಲ. ಸೂಜಿ ನನ್ನದು. ಇನ್ನೊಮ್ಮೆ ಕೇಳಿದರೂ ಊರ ಮುಂದೆ ಇದನ್ನೇ ಹೇಳುತ್ತೇನೆ.

ನಾಲ್ಕು ಸಲ ಓದಿ ನೋಡುವ ಚಟ. ಎರಡನೆಯ ಸಲ ಓದುತ್ತಿದ್ದೆ.

"ಬಾಯಾರ! ಕಾಗದಾ ಆಮ್ಯಾಲ ಓದಕೋರಿ, ಕರಿ ಎಮ್ಮಿ ಭತ್ತದ ಗದ್ದಿಗೆ ಇಳೀತು! ಇನ್ನೊಂದು ಪಾಳಿ ಬೇಕೇನ್ ನಿಮಗ?"

ಕಾಗದವನ್ನು ಹಾಗೆಯೇ ಮಡಚಿ ಕಿಸೆಗೆ ತುರುಕಿ ಕೋಲು ಹಿಡಿದು ಓಡಿದೆ. ಸಂಜೆ ಅದೇ ಕೋಲನ್ನು, ಊರೆಲ್ಲ ನೋಡುತ್ತಿದ್ದಂತೆ, ಪಶುಸಖಿಯ ಬಾಗಿಲಿಗೆ ಒರಗಿಸಿದೆ. ಯಾರೂ ಅದನ್ನು ತೆಗೆದು ಆಚೆಯ ಮನೆಗೆ ಇಡಲಿಲ್ಲ.