ಅಗಳಿಯ ಕೆಂಪು ಹೊಲಕ್ಕೆ ಕೊಟ್ಟ ಅಪ್ಪಣೆ

ಕಣೇಕಲ್ಲು ಕಡೆಯ ನಮ್ಮ ಕಪ್ಪು ಎರೆ ಮಣ್ಣಿನ ಹೊಲವನ್ನು ಉಳುವುದು ಬಿಟ್ಟು ಎರಡು ವರ್ಷವಾಯಿತು. ಜೋಳ ಚೆನ್ನಾಗಿಯೇ ಬರುತ್ತಿದೆ. ನಿಯಮ ಎಲ್ಲಕ್ಕೂ ಒಂದೇ ಇರಬೇಕು. ಅಗಳಿಯ ಕೆಂಪು ಹೊಲಕ್ಕೂ ಈ ಬೇಸಿಗೆ ಉಳುಮೆ ಬೇಡವೆಂದು ಫೋನಿನಲ್ಲಿ ತಿಳಿಸಿ, ವಾರದ ಮೇಲೆ ನೋಡಿ ಬರಲು ಹೋದೆ.

ಆ ಹೊಲವನ್ನು ಪಾಲಿಗೆ ಮಾಡುವ ರಂಗಮ್ಮ, "ಎರೆ ಮಣ್ಣು ಬಿಸಿಲಿಗೆ ತಾನೇ ಬಿರುಕು ಬಿಡ್ತದಮ್ಮ. ಇದು ಹಂಗಲ್ಲ. ಉಳದಿದ್ರೆ ಮಳೆನೀರು ಮೇಲೇ ಹರಿದೋಗ್ತದೆ, ಕಡ್ಲೆಕಾಯಿ ಹೆಂಗೆ ಬಿತ್ತೋದು? ಬೇಕಾದ್ರೆ ನಿಮ್ಮ ಕೊಡೆ ಊರಿ ನೋಡಿ," ಎಂದಳು.

ಊರಿದೆ. ಕೊಡೆಯ ಮೊನೆ ಬಾಗಿತು.

"ಸರಿ, ಉಳುಮೆ ಮಾಡಿಸು," ಎಂದೆ.

"ದಿಬ್ಬದ ಆಚೇದೆಲ್ಲ ಮೊನ್ನೇನೇ ಮಾಡ್ಸಿದ್ದಾಯ್ತಮ್ಮ. ನಿಮಗೆ ತೋರ್ಸಾಕೆ ಅಂತ ಇಷ್ಟು ಬಿಟ್ಟಿದ್ದೆ."

ಬೈಯಬಹುದಿತ್ತು. ಆದರೆ ಒಮ್ಮೆ ಕೊಟ್ಟ ಅಪ್ಪಣೆಯನ್ನು ಹಿಂದಕ್ಕೆ ಪಡೆಯುವ ಅಭ್ಯಾಸ ನನಗಿಲ್ಲ.