ಗಂಗಾಧರನ ತಬಲಾದ ಶ್ರುತಿ

ದೆವ್ವ, ಆತ್ಮ, ಸತ್ತವರು ಕನಸಿನಲ್ಲಿ ಬಂದು ಹೇಳಿದ್ದು ಎಂದು ಯಾರಾದರೂ ಮಾತು ತೆಗೆದರೆ ಬಟ್ಟೆ ಮಡಚುವ ನೆಪ ಮಾಡಿಕೊಂಡು ಎದ್ದು ಹೋಗುವವನು ನಾನು. ಗಾಂಧಿ ಬಜಾರಿನಲ್ಲಿ ನನ್ನದೊಂದು ಜವಳಿ ಅಂಗಡಿ. ಅಲ್ಲಿ ಬಂದು ಕೂರುವವರ ಬಾಯಲ್ಲಿ ಇಂಥ ಕಥೆಗಳಿಗೆ ಬರವಿಲ್ಲ, ನನಗೆ ಅವುಗಳಲ್ಲಿ ನಂಬಿಕೆಯೂ ಇರಲಿಲ್ಲ. ಈಗಲೂ ಇದೆ ಎಂದು ಹೇಳಲಾರೆ. ಆದರೆ ಭದ್ರಾವತಿಯಲ್ಲಿ ಒಂದು ಸಂಜೆ ನಡೆದದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನಗುವುದಾದರೆ ನಗಿ, ಮೊದಲಾಗಿದ್ದರೆ ನಾನೂ ನಗುತ್ತಿದ್ದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಉಮೇಶ ಹಾಡುತ್ತಿದ್ದ, ಗಂಗಾಧರ ತಬಲಾ, ನಾನು ಹಾರ್ಮೋನಿಯಂ. ಗಣಪತಿ ಪೆಂಡಾಲು, ಮದುವೆ, ಗೃಹಪ್ರವೇಶ, ಯಾರು ಕರೆದರೂ ಮೂವರೂ ಹೊರಡುತ್ತಿದ್ದೆವು. ಒಂದು ಕಾರ್ಯಕ್ರಮಕ್ಕೆ ಮಾತ್ರ ಜ್ವರವೆಂದು ನಾನು ಹೋಗಲಿಲ್ಲ. ಅವತ್ತು ವಾಪಸು ಬರುವಾಗ ಅವರ ವ್ಯಾನು ಲಾರಿಗೆ ಗುದ್ದಿ ಇಬ್ಬರೂ ಸ್ಥಳದಲ್ಲೇ ಹೋದರು. ಚೀಲದೊಳಗಿದ್ದ ತಬಲಾ ಒಂದು ಗೀರೂ ಇಲ್ಲದೆ ಉಳಿಯಿತು. ಗಂಗಾಧರನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ, ಹಾಗಾಗಿ ಅದು ರವೀಂದ್ರನಗರದ ನಮ್ಮ ಮನೆಗೆ ಬಂತು.

ಇಲ್ಲಿ ಒಂದು ವಿಷಯ ಹೇಳಬೇಕು. ತಬಲಾವನ್ನು ಹಾಡುವವನ ಶ್ರುತಿಗೆ ಕಟ್ಟಿರುತ್ತಾರೆ. ಹತ್ತಿರದಲ್ಲಿ ಅದೇ ಸ್ವರ ನುಡಿಸಿದರೆ ಯಾರೂ ಮುಟ್ಟದೆಯೂ ಅದು ಸಣ್ಣಗೆ ಗುಂಯ್‌ಗುಡುತ್ತದೆ. ಇದರಲ್ಲಿ ಪವಾಡವೇನೂ ಇಲ್ಲ, ವಾದ್ಯ ನುಡಿಸುವವರಿಗೆಲ್ಲ ಗೊತ್ತು. ಉಮೇಶನ ಶ್ರುತಿ ಕಪ್ಪು ಒಂದು, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ. ನಾನು ಅದನ್ನು ಒತ್ತಿದಾಗಲೆಲ್ಲ ಮೂಲೆಯಲ್ಲಿಟ್ಟ ಗಂಗಾಧರನ ತಬಲಾ ಗುನುಗುತ್ತಿತ್ತು. “ದಯವಿಟ್ಟು ಅದನ್ನ ಒಳಗಿಡ್ರೀ, ನಂಗೆ ಕೇಳೋಕಾಗಲ್ಲ” ಎಂದು ನನ್ನ ಹೆಂಡತಿ ಅತ್ತಳು. ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮತ್ತೆ ಅದನ್ನು ತೆಗೆದದ್ದು ಶ್ರದ್ಧಾಂಜಲಿಯ ದಿನವೇ.

ಶ್ರದ್ಧಾಂಜಲಿ ಇಟ್ಟುಕೊಂಡಿದ್ದು ಭದ್ರಾವತಿಯ ನ್ಯೂಟೌನಿನ ಒಂದು ಸಭಾಂಗಣದಲ್ಲಿ. ಉಮೇಶನ ಮನೆ ಅಲ್ಲೇ ಹತ್ತಿರ. ಅವನ ತಂದೆ ಶಿವಲಿಂಗಪ್ಪನವರು ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಭಜನೆ ಹೇಳಿಸುವವರು. ಉಮೇಶನಿಗೆ ಸ್ವರವನ್ನೂ ಗಂಗಾಧರನಿಗೆ ತಾಳವನ್ನೂ ಹೇಳಿಕೊಟ್ಟವರು ಅವರೇ. ಮಗನ ದೇಹ ಮನೆಗೆ ಬಂದಾಗಿನಿಂದ ಅವರು ಅತ್ತಿರಲಿಲ್ಲ, ಮಾತೂ ಆಡಿರಲಿಲ್ಲ.

“ಅಣ್ಣಾ, ಮಾವ ತಟ್ಟೆ ಮುಂದೆ ಕೂರ್ತಾರೆ, ಹಾಗೇ ಎದ್ದು ಹೋಗ್ತಾರೆ,” ಎಂದು ಉಮೇಶನ ಹೆಂಡತಿ ಫೋನು ಮಾಡಿದ್ದಳು. “ಹಾಡು ಕೇಳಿಯಾದ್ರೂ ಒಂದ್ಸಲ ಅತ್ತುಬಿಟ್ರೆ ಸಾಕು. ಇಲ್ದಿದ್ರೆ ಇವ್ರೂ ನಮಗೆ ಉಳಿಯಲ್ಲ.”

ಉಮೇಶನ ಹಾಡುಗಳನ್ನೆಲ್ಲ ಉಮೇಶನ ಶ್ರುತಿಯಲ್ಲೇ ನುಡಿಸುವುದು, ಅದೇ ಅವನಿಗೆ ಸಲ್ಲಿಸುವ ಗೌರವ ಎಂದು ನಾನೂ ಹಾಡಲು ಬಂದಿದ್ದ ಗೆಳೆಯರೂ ತೀರ್ಮಾನಿಸಿದ್ದೆವು. ತಬಲಾಕ್ಕೆ ಬಂದಿದ್ದ ಮುರುಗೇಶ ತನ್ನ ತಬಲಾವನ್ನು ಕಪ್ಪು ಒಂದಕ್ಕೇ ಕಟ್ಟಿದ. ಗಂಗಾಧರನದನ್ನು ಇಬ್ಬರ ಫೋಟೋಗಳ ಮುಂದೆ ಇಟ್ಟು ಸುತ್ತ ಸೇವಂತಿಗೆ ಹಾರ ಹಾಕಿದೆವು. ಹಾಡುಗಳು ಒಂದೊಂದಾಗಿ ಮುಗಿದವು. ಜನ ಕಣ್ಣೊರೆಸಿಕೊಂಡರು. ಮುಂದಿನ ಸಾಲಿನಲ್ಲಿದ್ದ ಶಿವಲಿಂಗಪ್ಪನವರು ಮಾತ್ರ ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದರು.

ಕೊನೆಗೆ ಅವರು ಎದ್ದು ವೇದಿಕೆಗೆ ಬಂದು ನನ್ನ ಪಕ್ಕ ಕೂತರು. “ನಾನೊಂದು ವಚನ ಹೇಳ್ತೀನಿ” ಎಂದರು. ನಾನು ಗಡಿಬಿಡಿಯಲ್ಲಿ ಅದೇ ಕಪ್ಪು ಒಂದನ್ನು ಒತ್ತಿದೆ. ಆ ವಯಸ್ಸಿನ ಗಂಟಲು ಮಗನ ಎತ್ತರಕ್ಕೆ ಹೋಗುವುದುಂಟೇ? ಎರಡನೇ ಸಾಲಿನಲ್ಲೇ ದನಿ ಒಡೆಯಿತು. ಮತ್ತೆ ಎತ್ತಿದರು, ಮತ್ತೆ ಒಡೆಯಿತು. “ಆಗಲ್ಲ, ಬಿಡಪ್ಪ” ಎಂದು ಅವರು ಏಳಲು ನೆಲಕ್ಕೆ ಕೈ ಊರಿದರು. ಈಗ ಎದ್ದು ಹೋದರೆ ಈ ಮನುಷ್ಯ ಇನ್ನೆಂದೂ ಬಾಯಿ ಬಿಡುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು.

“ಅಪ್ಪಾಜಿ, ಒಂದು ನಿಮಿಷ” ಎಂದು ಅವರ ಶ್ರುತಿಗಾಗಿ ಒಂದೊಂದೇ ಮನೆ ಕೆಳಗಿಳಿದೆ. ಬಿಳಿ ಒಂದು ಒತ್ತಿದೆ, ಅವರು ತಲೆ ಅಲ್ಲಾಡಿಸಿದರು. ಅದರ ಕೆಳಗಿನ ಬಿಳಿ ಏಳು ಒತ್ತಿದೆ.

ಗಂಗಾಧರನ ತಬಲಾ ಗುಂಯ್ ಎಂದಿತು.

ಅದರ ಮೇಲೆ ಉದುರಿದ್ದ ಸೇವಂತಿಗೆ ಎಸಳುಗಳು ನಡುಗುವುದನ್ನು ನಾನು ಕಣ್ಣಾರೆ ಕಂಡೆ. ಸಂಜೆಯೆಲ್ಲ ಕಪ್ಪು ಒಂದರಲ್ಲಿ ನುಡಿಸಿದ್ದರೂ ಅದು ಉಸಿರೆತ್ತಿರಲಿಲ್ಲ ಎಂಬುದು ಆಗಷ್ಟೇ ಹೊಳೆಯಿತು. ಮುರುಗೇಶ ಬಗ್ಗಿ ಅಂಚಿನ ಸುತ್ತ ಬೆರಳಲ್ಲಿ ತಟ್ಟಿ ನೋಡಿದ. “ಸಾರ್, ಬಿಳಿ ಏಳಕ್ಕೆ ಯಾರು ಕಟ್ಟಿದ್ದು ಇದನ್ನ? ಸುತ್ತ ಒಂದೇ ನಾದ ಐತೆ,” ಎಂದು ಪಿಸುಗುಟ್ಟಿದ. ಆಮೇಲೆ ಅದಕ್ಕೆ ಕೈಮುಗಿದು, ಹಾರ ಸರಿಸಿ, ತನ್ನ ಮುಂದಕ್ಕೆ ಎಳೆದುಕೊಂಡ.

ಶಿವಲಿಂಗಪ್ಪನವರು ಕಣ್ಣು ಮುಚ್ಚಿ ಹಾಡಿದರು. ವಚನ ಪೂರ್ತಿ ಹಾಡಿದರು, ದನಿ ಎಲ್ಲೂ ಒಡೆಯಲಿಲ್ಲ. ಮುಗಿದ ಮೇಲೆ ತಬಲಾದ ಮೇಲೆ ಎರಡೂ ಕೈ ಇಟ್ಟು, “ಬಂದ್ರೇನ್ರಪ್ಪಾ” ಎಂದು ಮಕ್ಕಳ ಹಾಗೆ ಗೋಳೋ ಎಂದು ಅತ್ತರು. ನಾನೂ ಅತ್ತೆ. ಜ್ವರ ಬಂದು ಬದುಕಿಕೊಂಡವನ ಅಳು ಎಂಥದೆಂದು ಅವತ್ತು ತಿಳಿಯಿತು.

ಆಮೇಲೆ ನಾನು ಕೇಳದವರಿಲ್ಲ. ಬೀರುವಿನ ಕೀಲಿಕೈ ನನ್ನ ಬಳಿಯೇ ಇತ್ತು, ಹೆಂಡತಿ ಅದರ ಹತ್ತಿರವೂ ಸುಳಿದಿರಲಿಲ್ಲ. ಚರ್ಮ ತಂಪಿಗೆ ಸಡಿಲವಾಗಿರಬೇಕು, ಬಸ್ಸಿನಲ್ಲಿ ಕುಲುಕಿರಬೇಕು ಎಂದು ಕೆಲವರು ಹೇಳಿದರು. ಇರಬಹುದು ಎಂದು ನಾನೂ ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ಮುರುಗೇಶನ ಪ್ರಕಾರ ತಾನಾಗಿ ಇಳಿದ ತಬಲಾ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಇಳಿಯುತ್ತದೆ. ಸುತ್ತಿಗೆ ಹಿಡಿದು ಕೂತು ಕಟ್ಟಿದ ಹಾಗೆ ಇಳಿಯುವುದಿಲ್ಲ. ಯಾರು ಕಟ್ಟಿದರು, ಯಾವಾಗ, ಅದೂ ಸರಿಯಾಗಿ ಆ ಮುದುಕರ ಶ್ರುತಿಗೆ? ಇಷ್ಟು ವರ್ಷವಾದರೂ ನನಗೆ ಉತ್ತರ ಸಿಕ್ಕಿಲ್ಲ.

ಆ ರಾತ್ರಿ ಮಾವ ಹೊಟ್ಟೆ ತುಂಬ ಉಂಡು ಮಲಗಿದರೆಂದು ಸೊಸೆ ಹೇಳಿದಳು. ಅವರು ಇನ್ನೂ ಕೆಲವು ವರ್ಷ ಬದುಕಿದ್ದರು. ಭದ್ರಾವತಿಗೆ ಹೋದಾಗಲೆಲ್ಲ ನಾನು ಅವರ ಮನೆಗೆ ಹೋಗುತ್ತಿದ್ದೆ, ಅದೂ ಇದೂ ಮಾತಾಡುತ್ತಿದ್ದೆವು. ತಬಲಾ ಯಾರು ಕಟ್ಟಿದ್ದು ಎಂದು ಅವರು ಒಂದು ಸಲವೂ ನನ್ನನ್ನು ಕೇಳಲಿಲ್ಲ.