ಕಾರ್ಥೇಜೂ ನಮ್ಮ ಹಿತ್ತಿಲ ಖೋಲಿಯೂ

ಮೊನ್ನೆ ಸೊಸೈಟಿಯ ಸೆಕ್ರೆಟರಿ ಬಾಗಿಲಿಗೆ ಬಂದು ಒಂದು ಕಾಗದ ಚಾಚಿದರು. ಮೆಟ್ಟಿಲ ಕೆಳಗಿರುವ ನಮ್ಮ ಪುಟ್ಟ ಜಾಗವನ್ನು ಸೊಸೈಟಿಗೆ ಬಿಟ್ಟುಕೊಡಬೇಕಂತೆ. "ಎವ್ಢಂಚ್, ಕಾಕು," ಎಂದರು. ಇಷ್ಟೇ ಚಿಕ್ಕಮ್ಮ, ಇನ್ನೇನಿಲ್ಲ ಅಂತ. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ನಗಬೇಡಿ. ಆ ಮರಾಠಿ ಮಾತು ನಮ್ಮ ಮನೆಯನ್ನೇ ನುಂಗಿದ್ದು. ತೊಂಬತ್ತರ ದಶಕದಲ್ಲಿ ನಾವು ಸದಾಶಿವ ಪೇಠೆಯ ಹಳೆಯ ವಾಡೆಯೊಂದರಲ್ಲಿ, ಅಂಗಳದ ಸುತ್ತ ಖೋಲಿಗಳಿದ್ದ ದೊಡ್ಡ ಮನೆಯಲ್ಲಿ, ಬಾಡಿಗೆಗಿದ್ದೆವು. ಅಪ್ಪ ಧಾರವಾಡದಿಂದ ಬಂದ ಇತಿಹಾಸದ ಮಾಸ್ತರರು. ಯಾರಿಗೂ ಇಲ್ಲ ಅಂದವರಲ್ಲ. ವಾಡೆಯ ಮಾಲಕರು ಮೊದಲು ಅಟ್ಟ ಕೇಳಿದರು, "ಎವ್ಢಂಚ್, ಮಾಸ್ತರ್." ಕೊಟ್ಟೆವು. ಆಮೇಲೆ ಅಂಗಳದ ನಳ. ಆಮೇಲೆ ಹಿತ್ತಿಲ ಖೋಲಿ. ಅದರ ಕೀಲಿ ಒಯ್ದುಕೊಟ್ಟ ಜಾಣೆ ನಾನೇ! ಮಾಲಕರು ಪೆಪ್ಪರಮಿಂಟ್ ಕೊಟ್ಟರೆಂದು ಕುಣಿಯುತ್ತ ಬಂದಿದ್ದೆ. "ಹೋಗ್ಲಿ ಬಿಡು, ಮನಿಯೊಳಗ ಶಾಂತಿ ಇರ್ತದ," ಅನ್ನುತ್ತಿದ್ದರು ಅಪ್ಪ.

ಒಂದು ಸಂಜೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಮರುದಿನದ ಪಾಠವನ್ನು ನಮ್ಮ ಮೇಲೇ ಪ್ರಯೋಗಿಸುತ್ತಿದ್ದರು.

"ಕಾರ್ಥೇಜಿನವರು ಆನಿ ತಗೊಂಡು ಹಿಮದ ಗುಡ್ಡಾ ದಾಟಿದ್ರು, ಆದ್ರೂ ರೋಮಿನವರ ಮುಂದ ಸೋತ್ರು. ಊರಷ್ಟ ಉಳದಿತ್ತು. ಅದನ್ನ ಹ್ಯಾಂಗ ಕಸಗೊಂಡ್ರು ಗೊತ್ತದ ಏನು? ಮೊದಲ, ದೊಡ್ಡ ಮನಿತನದ ಮುನ್ನೂರು ಮಕ್ಕಳನ್ನ ಒತ್ತೆ ಕೊಡ್ರಿ ಅಂದ್ರು. ಕೊಟ್ರು. ಆಮ್ಯಾಲೆ ಆಯುಧ ಎಲ್ಲಾ ಕೊಡ್ರಿ ಅಂದ್ರು. ಅದನ್ನೂ ಕೊಟ್ರು. ಆಮ್ಯಾಲೆ, ಊರು ಬಿಟ್ಟು ನಡೀರಿ, ಇದನ್ನ ಕೆಡವ್ತೀವಿ ಅಂದ್ರು!" ಅಪ್ಪ ತೊಡೆ ತಟ್ಟಿಕೊಂಡು ನಕ್ಕರು. "ಎಂಥಾ ಹುಚ್ಚರು! ಕತ್ತಿ ಕೊಡೂ ಮುಂದರೆ ತಿಳೀಬಾರದ?"

ಅವ್ವನ ಕೈ ನಿಂತಿತು.

"ಅಲ್ರೀ, ನಿನ್ನೆ ಮಾಲಕರ ಕಾಗದಕ್ಕ ಸಹಿ ಮಾಡಿದ್ರಲ್ಲ, ಅದರಾಗ ಏನದ?"

"ದುರಸ್ತಿಗೆ ಒಪ್ಪಿಗಿ ಅಂದ್ರು... ಎವ್ಢಂಚ್ ಅಂದ್ರು. ಓದಲಿಲ್ಲ."

ಚೀಲದಿಂದ ನಕಲು ಪ್ರತಿ ತೆಗೆದರು. ಓದುತ್ತ ಓದುತ್ತ ಅವರ ಮುಖ ಬಿಳಿಚಿಕೊಂಡಿತು. ಉಳಿದೆರಡು ಖೋಲಿಗಳನ್ನೂ ತಿಂಗಳೊಳಗೆ ಖಾಲಿ ಮಾಡುತ್ತೇವೆಂದು ನಾವೇ ಒಪ್ಪಿದ್ದೆವು! ಅಯ್ಯೋ ದೇವರೇ, ತವೆಯ ಮೇಲಿನ ರೊಟ್ಟಿ ಸೀದು ಹೊಗೆಯಾಡಿದರೂ ಯಾರೂ ಏಳಲಿಲ್ಲ. ನನಗೆ ಅಳು ಕೂಡ ಬರಲಿಲ್ಲ.

ನಾನೊಬ್ಬಳು ಮೂರ್ಖಿ, ಕೇಳಿದೆ: "ಆಮ್ಯಾಲೆ ಆ ಊರಿನವರು ಏನ್ ಮಾಡಿದ್ರಪ್ಪ?"

ಅಪ್ಪ ಕಾಗದದಿಂದ ತಲೆ ಎತ್ತಲಿಲ್ಲ. "ಮೂರು ವರ್ಷ ಕಾದಾಡಿದ್ರು. ಹಗ್ಗಾ ಹೊಸೀಲಿಕ್ಕೆ ಹೆಂಗಸರು ತಲಿಗೂದಲಾ ಕತ್ತರಿಸಿ ಕೊಟ್ರು. ತಡಾ ಆಗಿತ್ತವಾ. ಊರು ಸುಟ್ಟು ಬೂದಿ ಆತು."

ತಿಂಗಳು ಮುಗಿಯುವುದರೊಳಗೆ ನಾವು ಹೊರಬಿದ್ದೆವು. ದೀಪಾವಳಿಯ ಹೊತ್ತಿಗೆ ವಾಡೆಯನ್ನೇ ಕೆಡವಿ ಹಾಕಿದ್ದರು. ಅಪ್ಪ ಆ ಪಾಠವನ್ನು ಮತ್ತೆಂದೂ ನಗುತ್ತ ಹೇಳಲಿಲ್ಲ.

ಸೆಕ್ರೆಟರಿಯ ಕಾಗದವನ್ನು ಎರಡು ಸಲ ಓದಿದೆ. ಪಾಪ, ಅದರಲ್ಲಿ ನಿಜಕ್ಕೂ ಅಷ್ಟೇ ಇತ್ತು. ಆದರೂ "ನಾಹೀ" ಎಂದೆ. ಅವರು ಬೆಪ್ಪಾಗಿ ನನ್ನ ಮುಖ ನೋಡಿದರು. ಅವರಿಗಿಂತ ಹೆಚ್ಚು ಬೆಚ್ಚಿದವಳು ನಾನು. ಬಾಗಿಲು ಹಾಕಿ ಅಗುಳಿಯನ್ನೂ ಜಡಿದೆ.

ಒಳಗಿನ ಮಂಚದಿಂದ ಅಪ್ಪನ ದನಿ ಬಂತು. ಈಗ ಅವರಿಗೆ ಎಂಬತ್ತು.

"ಯಾರವಾ ಬಂದಿದ್ರು? ಕೀಲಿ ಕೊಟ್ಟಿಯೇನು?"

ಯಾರೂ ಕೀಲಿ ಕೇಳಿರಲಿಲ್ಲ.

"ಇಲ್ಲಪ್ಪ," ಎಂದೆ, "ಈ ಸಲ ಕೊಟ್ಟಿಲ್ಲ."